ಶೈಲಾಳ ಹೆಸರಿನಲ್ಲಿ ಬಂದ ಮೆಸೇಜು

ಹಿಟ್ಟಿನ ಕೈಯಲ್ಲಿ ಫೋನ್ ಮುಟ್ಟಬಾರದು. ಶೈಲಾಳ ಮನೆಯಲ್ಲಿ ಇದು ದೇವರ ಜಗಲಿಯ ಹತ್ತಿರ ಚಪ್ಪಲಿ ಬಿಡಬಾರದು ಎಂಬಷ್ಟೇ ಗಟ್ಟಿಯಾದ ಕಟ್ಟಳೆ. ಮೊದಲಿನ ಫೋನು ಜೋಳದ ಹಿಟ್ಟು ತಿಂದು ತಿಂದೇ ಪ್ರಾಣ ಬಿಟ್ಟಿತ್ತು. ಎರಡನೆಯದನ್ನು ಒಲೆಯ ಪಕ್ಕದ ಗೋಡೆಗೆ ಹಲಗೆ ಹೊಡೆದು ಅದರ ಮೇಲೆ ಒರಗಿಸಿ ಇಟ್ಟಿದ್ದರು. ಕರೆ ಬಂದರೆ ಯಾರ ಕೈ ಒಣಗಿದೆಯೋ ಅವರು ಸ್ಪೀಕರಿಗೆ ಹಾಕಬೇಕು. ಮೆಸೇಜು ಬಂದರೆ ಗಟ್ಟಿಯಾಗಿ ಓದಿ ಹೇಳಬೇಕು. ಶೈಲಾ ಮತ್ತು ಅವಳ ಅತ್ತೆ ಲಕ್ಷ್ಮವ್ವ ಎದುರುಬದುರು ಕುಳಿತು ರೊಟ್ಟಿ ಬಡಿಯುತ್ತಿದ್ದರೆ ಪಟಪಟ ಸದ್ದಿನಲ್ಲಿ ಮೆಲ್ಲಗೆ ಹೇಳಿದ ಮಾತು ಕಿವಿಗೆ ಬೀಳುವಂತಿರಲಿಲ್ಲ.

ಮನೆಯಲ್ಲಿ ಸದಾ ಒಣಗಿದ ಕೈಯೆಂದರೆ ಮಾವ ಬಂಡೆಪ್ಪನದು. ಮೂವತ್ತು ವರ್ಷ ಮುಂಬೈಯ ಬಿಲ್ಡಿಂಗ್ ಕೆಲಸಗಳಲ್ಲಿ ಮುಕಾದಮನಾಗಿ ಆಳುಗಳ ಮೇಲೆ ಕೂಗಿದ ಗಂಟಲು ಅದು. ಮಂಡಿ ಕೈಕೊಟ್ಟ ಮೇಲೆ ಮನೆಯಲ್ಲಿ ಕುಳಿತವನಿಗೆ ಸೊಸೆ ಈ ಓದುವ ಕೆಲಸ ಕೊಟ್ಟಿದ್ದಳು. ಆಳಂದ ಕಡೆಯ ಹಳ್ಳಿಯಲ್ಲಿ ನಾಲ್ಕನೇ ಇಯತ್ತೆ ಕಲಿತವನು. ಇಂಗ್ಲಿಷ್ ಅಕ್ಷರಗಳ ಮುಂದೆ ತಡವರಿಸುತ್ತಿದ್ದರೂ ಅಂಕಿಗಳನ್ನು ಮಾತ್ರ ನೀರು ಕುಡಿದ ಹಾಗೆ ಓದುತ್ತಿದ್ದ.

"ಸಿ ವಿಂಗ್, ಮೂರ್ನೂರಾ ಎರಡು! ಸಜ್ಜಿ ರೊಟ್ಟಿ ಇಪ್ಪತ್ತು! ಶೇಂಗಾ ಹಿಂಡಿ ಅರ್ಧ ಕಿಲೋ!"

ಅವರಿದ್ದ ಜೋಗೇಶ್ವರಿಯ ಚಾಳಿನ ಸಾಲುಮನೆಗಳಲ್ಲಿ ಕೊನೆಯ ಖೋಲಿಯವರಿಗೂ ಯಾರ ಮನೆಗೆ ಎಷ್ಟು ರೊಟ್ಟಿ ಎಂಬುದು ಗೊತ್ತಾಗುತ್ತಿತ್ತು. ಜೋಗೇಶ್ವರಿ ಸ್ಟೇಷನ್ನಿನಲ್ಲಿ ಗಾಡಿಯ ಹೆಸರು ಕೂಗುವ ಯಂತ್ರ ಕೆಟ್ಟರೆ ಬಂಡೆಪ್ಪನನ್ನು ಕೂರಿಸಿದರೆ ಸಾಕು ಎಂದು ನೆರೆಯವರು ನಗುತ್ತಿದ್ದರು. ಬಂಡೆಪ್ಪನಿಗೆ ಅದೂ ಒಂದು ಬಿರುದೇ.

ಹೀಗೆ ಆರು ವರ್ಷ ನಡೆದಿತ್ತು. ಗೋರೆಗಾಂವ್, ಪಾರ್ಲೆ, ಘಾಟ್ಕೋಪರ್ ಎಂದು ಬಿಲ್ಡಿಂಗಿಗೊಂದು ವಾಟ್ಸಾಪ್ ಗ್ರೂಪು. ಅದರಲ್ಲಿ ಆರ್ಡರು, ಅದರಲ್ಲೇ ದುಡ್ಡು. ಬೈಕಿನ ಹುಡುಗರು ಪೊಟ್ಟಣ ಒಯ್ದು ಕೊಡುತ್ತಿದ್ದರು. 'ಶೈಲಾ ರೊಟ್ಟಿ' ಎಂದರೆ ಅಷ್ಟೂ ಮನೆಗಳಿಗೆ ಗೊತ್ತು, ಶೈಲಾಳ ಮುಖ ಮಾತ್ರ ಒಬ್ಬರಿಗೂ ಗೊತ್ತಿಲ್ಲ. ಅದರಿಂದ ತೊಂದರೆಯಾದೀತು ಎಂದು ಯಾರಿಗೆ ತಾನೇ ಹೊಳೆದೀತು?

ಡಿಸೆಂಬರಿನಲ್ಲಿ ಭೋಗಿಯ ಆರ್ಡರು ಶುರುವಾಗುತ್ತವೆ. ಸಂಕ್ರಾಂತಿಯ ಹಿಂದಿನ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ನಮ್ಮವರಿಗೂ ಬೇಕು, ಮರಾಠಿಯವರಿಗೂ ಬೇಕು. ವರ್ಷದ ಅರ್ಧ ಗಳಿಕೆ ಆ ಒಂದು ಹಬ್ಬದ್ದು. ಅಂಥ ದಿನಗಳಲ್ಲೇ ಒಂದು ಮುಂಜಾನೆ ಫೋನು ಬಂತು.

ಬಂಡೆಪ್ಪ ಸ್ಪೀಕರಿಗೆ ಹಾಕಿದ. ಆ ಕಡೆಯವನು ನಯವಾದ ಹಿಂದಿಯಲ್ಲಿ, ತಾನು ಶೈಲಾ ಬಿಲ್ಲು ಮಾಡುವ ಆ್ಯಪ್‌ನ ಸಪೋರ್ಟ್‌ನಿಂದ ಮಾತಾಡುತ್ತಿದ್ದೇನೆ ಎಂದ. ವ್ಯಾಪಾರದ ಹೆಸರು ಹೇಳಿದ, ಯಾವ ವರ್ಷ ಶುರುವಾಯಿತೆಂದೂ ಹೇಳಿದ. ನಂಬರಿನ ವೆರಿಫಿಕೇಶನ್ ಬಾಕಿಯಿದೆ, ಮಾಡಿಸದಿದ್ದರೆ ಸಂಜೆಯೊಳಗೆ ಗ್ರೂಪುಗಳೆಲ್ಲ ಬಂದ್ ಆಗುತ್ತವೆ ಎಂದ. ಶೈಲಾ ಮೂಲೆಯಲ್ಲಿದ್ದ ಚೀಲಗಳ ಕಡೆ ನೋಡಿದಳು. ಭೋಗಿಗೆಂದು ಮೂರು ಚೀಲ ಸಜ್ಜೆ ಬೀಸಿಸಿ ಇಟ್ಟಾಗಿತ್ತು.

ಅಷ್ಟರಲ್ಲಿ ಯಾರದೋ ಆರ್ಡರು ಬಂತು. ಬಂಡೆಪ್ಪ ಎಂದಿನಂತೆ ಗಟ್ಟಿಯಾಗಿ ಓದಿದ. ಆ ಕಡೆಯವನು ತನ್ನ ಮಾತು ಬಿಟ್ಟು ಕೇಳಿದ.

"ಅದು ಯಾರ ದನಿ ಮೇಡಂ?"

"ನಮ್ಮ ಮಾವನವರು. ಮೆಸೇಜ್ ಓದಿ ಹೇಳ್ತಾರೆ. ನಮ್ಮ ಕೈ ಹಿಟ್ಟಾಗಿರ್ತದಲ್ಲ," ಎಂದು ಶೈಲಾ ತನಗೆ ಬಂದ ಹಿಂದಿಯಲ್ಲಿ ಹೇಳಿದಳು.

"ಒಳ್ಳೆಯದು ಮೇಡಂ, ಬಹಳ ಒಳ್ಳೆಯದು," ಎಂದ ಅವನು. ಅವನ ದನಿ ಇನ್ನೂ ಮೃದುವಾಯಿತು. "ಈಗ ಒಂದು ಒಟಿಪಿ ಬರುತ್ತದೆ. ಅದನ್ನು ಯಾರಿಗೂ ಹೇಳಬೇಡಿ, ನನಗೂ ಹೇಳಬೇಡಿ. ಫೋನು ಮಾತ್ರ ಇಡಬೇಡಿ. ನೀವು ನಿಮ್ಮ ಕೆಲಸ ಮಾಡ್ತಾ ಇರಿ."

ಒಟಿಪಿ ಕೇಳುವವನು ಕಳ್ಳ ಎಂದು ಮಗಳು ಶಿವಕುಮಾರಿ ನೂರು ಸಲ ಹೇಳಿದ್ದಳು. ಇವನು ಕೇಳುತ್ತಲೇ ಇಲ್ಲವಲ್ಲ! ಶೈಲಾ ನಿರಾಳವಾಗಿ ಇನ್ನೊಂದು ಉಂಡೆ ಕೈಗೆತ್ತಿಕೊಂಡಳು. ಫೋನು ಟಿಣ್ ಎಂದಿತು. ಆರು ವರ್ಷದ ರೂಢಿ, ನಾಲಿಗೆ ತಾನಾಗಿ ಹೊರಳಿತು.

"ಮಾಮಾ, ಏನ್ ಬಂತ್ ನೋಡ್ರಿ."

ಇಂಗ್ಲಿಷ್ ಅಕ್ಷರಗಳನ್ನು ಬಿಟ್ಟು ಬಂಡೆಪ್ಪ ಆರು ಅಂಕಿಗಳನ್ನು ಒಂದೊಂದಾಗಿ, ಬಿಲ್ಡಿಂಗ್ ಕೆಲಸದ ಕಾಲದ ರೂಢಿಯಂತೆ ಹಿಂದಿಯಲ್ಲಿ, ಇಡೀ ಚಾಳಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದ. ಆ ಕಡೆಯವನು ಧನ್ಯವಾದ ಹೇಳಿ ಫೋನಿಟ್ಟ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಪಾರ್ಲೆಯ ಕಾಕೂ ಫೋನು ಮಾಡಿದಳು. ನಾಲ್ಕು ವರ್ಷದ ಗಿರಾಕಿ, ಮರಾಠಿಯ ಮುದುಕಿ, ಮಾತಿಗೆ ಮುಂಚೆ ಬೈಗುಳ.

"ಏನೇ ಶೈಲಾ, ಭೋಗಿಯ ರೊಟ್ಟಿ ಅರ್ಧ ಬೆಲೆಗೆ ಕೊಡ್ತೀಯಂತೆ? ಈಗಲೇ ದುಡ್ಡು ಹಾಕಬೇಕಂತೆ? ಐದು ರೂಪಾಯಿ ಬಿಡು ಅಂದರೆ ಅತ್ತುಬಿಡೋಳು ನೀನು. ನಿಜ ಹೇಳು, ಹುಷಾರಾಗಿದ್ದೀಯಾ?"

ಶೈಲಾ ಕೈ ತೊಳೆದು ಫೋನು ತೆಗೆದುಕೊಂಡಳು. ವಾಟ್ಸಾಪ್ ತೆರೆದರೆ, ಈ ನಂಬರು ಈ ಫೋನಿನಲ್ಲಿ ಇಲ್ಲ ಎಂದು ಬಂತು. ಅವಳ ಆರು ವರ್ಷ ಆ ಒಂದು ಸಾಲಿನೊಳಗೆ ಹೋಗಿ ಕುಳಿತಿತ್ತು. ತಟ್ಟೆಯಲ್ಲಿ ಪುಂಡಿಪಲ್ಲೆ ತಣ್ಣಗಾಯಿತು.

ಗಂಡ ದೇವಾನಂದ ಸ್ಕೂಲ್ ಬಸ್ಸು ಓಡಿಸಿ ಬಂದವನು ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತು ಕೇಳಿದ.

"ಒಟಿಪಿ ಯಾರ್ ಹೇಳಿದ್ರಿ?"

"ನಾ ಹೇಳಿಲ್ರಿ. ಹೇಳಬ್ಯಾಡ್ರಿ ಅಂತ ಅವನೇ ಅಂದ."

"ಅವ ಬ್ಯಾಡ ಅಂದ, ನೀ ಹೇಳಲಿಲ್ಲ. ಮತ್ತ ಅವನಿಗಿ ಕನಸಿನಾಗ ಬಿತ್ತೇನ?"

ಮಗಳು ಶಿವು ಅಟ್ಟದ ಏಣಿಯ ಮೇಲೆ ಕುಳಿತು ಫೋನನ್ನು ತಿರುವಿ ಹಾಕುತ್ತಿದ್ದಳು. ಬಿ.ಕಾಂ ಮೊದಲ ವರ್ಷದ ಹುಡುಗಿ, ಅವಳ ಕನ್ನಡ ಅರ್ಧ ದಾರಿಗೆ ಬಂದು ಹಿಂದಿಯ ಗಾಡಿ ಹತ್ತುತ್ತಿತ್ತು.

"ಪಪ್ಪಾ, ಕಾಲ್ ಸ್ಪೀಕರ್ ಮ್ಯಾಲಿತ್ತಲ್ಲ. ಮುತ್ಯಾ ನೇ ಪಢ್ ದಿಯಾ. ಜೋರ್ ಸೇ."

ಅಜ್ಜ ಗಟ್ಟಿಯಾಗಿ ಓದಿದ್ದೇ ಕಳ್ಳನಿಗೆ ಸಾಕಾಗಿತ್ತು. ಬಂಡೆಪ್ಪ ಬಸಿಯಲ್ಲಿ ಚಹಾ ಸುರಿದುಕೊಂಡಿದ್ದ. ಅದನ್ನು ಕುಡಿಯದೆ ನೆಲಕ್ಕಿಟ್ಟ. ಒಂದೇ ಒಂದು ಸಲ ಸೊಸೆಯ ಮುಖ ನೋಡಿದ. ಓದಿ ಹೇಳು ಎಂದವಳು ಅವಳೇ ಎಂದು ಅವನು ಅನ್ನಬಹುದಿತ್ತು. ಅನ್ನಲಿಲ್ಲ. ಶೈಲಾ ಹಿಟ್ಟು ನಾದುವ ಪರಾತದಲ್ಲಿ ಅಂಟಿದ್ದನ್ನು ಉಗುರಿನಿಂದ ಕೆರೆಯುತ್ತ ಕುಳಿತಳು. ತಾನು ಬಾಯಿ ಬಿಡದ್ದು ಅವಳಿಗೆ ಆಗಲೇ ಚುಚ್ಚಿತು.

"ಇವತ್ತಿಂದ ಆ ಫೋನ್ ಮುಟ್ಟಬ್ಯಾಡ ಅಪ್ಪಾ," ಎಂದ ದೇವಾನಂದ. "ಕೈ ಮುಗಿತೀನಿ ನಿನಗ. ಮುಟ್ಟಬ್ಯಾಡ."

"ಅವ ಏನ್ ಬೇಕಂತ ಮಾಡ್ಯಾನೇನೋ?" ಎಂದು ಲಕ್ಷ್ಮವ್ವ ಒಲೆಯ ಮುಂದಿನಿಂದಲೇ ಗದರಿದಳು. "ದುಡದ ಬಂದಿ, ಮೊದಲ್ ಉಣ್ಣು."

"ನನಗ ಹಸಿವಿಲ್ಲ."

"ನಿನಗ ಹಸಿವಿಲ್ಲ, ನಿನ್ನ ಅಪ್ಪ ಉಣ್ಣಂಗಿಲ್ಲ, ಸೊಸಿ ಮಧ್ಯಾಹ್ನದಿಂದ ಬಾಯಿಗಿ ನೀರ್ ಹಾಕಿಲ್ಲ. ನಾ ಯಾರಿಗಿ ಬಡಿಲಿ ಈ ರೊಟ್ಟಿ?"

ಶಿವು ಸೈಬರ್ ಸಹಾಯವಾಣಿಗೆ ಫೋನು ಮಾಡಿ ದೂರು ಬರೆಸಿದಳು. ಪೊಲೀಸ್ ಠಾಣೆಗೂ ಹೋಗಿ ಬಂದರು. ಅಲ್ಲಿನ ಹೆಣ್ಣು ಕಾನ್‌ಸ್ಟೇಬಲ್, ಬೇಗ ಬಂದಿರಿ ಒಳ್ಳೆಯದಾಯಿತು, ಗಿರಾಕಿಗಳ ದುಡ್ಡು ಹೋದ ಬ್ಯಾಂಕ್ ಖಾತೆ ನಿಲ್ಲಿಸಲು ಬರೆಯುತ್ತೇವೆ ಎಂದಳು. ನಂಬರನ್ನು ವಾಪಸು ಪಡೆಯಲು ಶಿವು ಹೊರಟರೆ ಆ ಕಳ್ಳ ತನ್ನದೊಂದು ಪಿನ್ ಹಾಕಿ ಬೀಗ ಜಡಿದಿದ್ದ. ಶಿವು ಹೊಸ ಒಟಿಪಿ ಹಾಕಿದೊಡನೆ ಅವನು ಹೊರಬಿದ್ದ ನಿಜ, ಆದರೆ ಮನೆಯವರಿಗೂ ಒಳಗೆ ಹೋಗುವಂತಿಲ್ಲ. ಏಳು ದಿನ ಕಾಯಬೇಕಿತ್ತು.

ಆ ಏಳು ದಿನ ಮನೆಯಲ್ಲಿ ಪಿಸುಮಾತೇ ಮಾತು. ಕಳ್ಳ ಇನ್ನೂ ಫೋನಿನೊಳಗೆ ಕುಳಿತು ಕೇಳುತ್ತಿದ್ದಾನೆ ಎಂದು ಲಕ್ಷ್ಮವ್ವನಿಗೆ ಸಂಶಯ. ಉಪ್ಪು ಮುಗಿದಿದೆ ಎನ್ನುವುದನ್ನೂ ಸೊಸೆಯ ಕಿವಿಯಲ್ಲಿ ಹೇಳುತ್ತಿದ್ದಳು. ಒಂದು ಮುಂಜಾನೆ ಫೋನೇ ಕಾಣಲಿಲ್ಲ. ಹುಡುಕಿ ಹುಡುಕಿ ಸಾಕಾದ ಮೇಲೆ ಅದು ಹಳೆ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು.

"ಆಯಿ! ಯೇ ಕ್ಯಾ ಹೈ?" ಎಂದಳು ಶಿವು ಅಜ್ಜಿಗೆ.

"ಅಲ್ಲಿದ್ರ ಅವನಿಗಿ ಕೇಳಸಂಗಿಲ್ಲ," ಎಂದಳು ಲಕ್ಷ್ಮವ್ವ, ತನ್ನ ಜಾಣತನಕ್ಕೆ ತಾನೇ ತಲೆದೂಗುತ್ತ.

ಶಿವು ನಕ್ಕಳು. ಶೈಲಾಳಿಗೆ ನಗು ಬರಲಿಲ್ಲ. ಅವಳಿಗೂ ಒಳಗೊಳಗೆ ಅದೇ ಭಯವಿತ್ತು.

ಮಗಳು ಹೊಸ ಕಟ್ಟಳೆಗಳನ್ನು ಮಾಡಿದಳು. ಸಪೋರ್ಟ್ ಎಂದು ಯಾರೇ ಫೋನು ಮಾಡಲಿ, ಇಡಬೇಕು. ಆಮೇಲೆ ಆ್ಯಪ್‌ನೊಳಗಿರುವ ನಂಬರಿಗೆ ತಾವೇ ಫೋನು ಮಾಡಿ ಕೇಳಬೇಕು. ಬ್ಯಾಂಕಿನ ಕೆಲಸಕ್ಕೆ ಬೇರೆ ಸಿಮ್ಮು, ಬೇರೆ ಫೋನು, ಆ ನಂಬರು ಒಬ್ಬ ಗಿರಾಕಿಗೂ ಗೊತ್ತಾಗಬಾರದು. ಇದಕ್ಕೆ ದೇವಾನಂದ ತನ್ನದೊಂದು ಸೇರಿಸಿದ. ಗುರುತಿಲ್ಲದ ನಂಬರನ್ನು ಎತ್ತುವುದೇ ಬೇಡ. ಎತ್ತಿದರೂ ಅವರು ಅತ್ತು ಕರೆದರೂ ನಂಬುವುದು ಬೇಡ. ತನ್ನ ಜೊತೆಯ ಬಸ್ಸಿನ ಡ್ರೈವರೊಬ್ಬನಿಗೆ, ನಿನ್ನ ತಮ್ಮನಿಗೆ ಆ್ಯಕ್ಸಿಡೆಂಟ್ ಆಗಿದೆ ದುಡ್ಡು ಕಳಿಸು ಎಂದು ಫೋನು ಬಂದು ಅವನು ಕಳಿಸಿ ಕುಳಿತ ಕಥೆಯನ್ನು ಎರಡೆರಡು ಸಲ ಹೇಳಿದ. ಬಂಡೆಪ್ಪ ಇದನ್ನೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿ ಕೇಳಿಸಿಕೊಂಡ.

ಏಳು ದಿನ ಕಳೆದು ನಂಬರು ಕೈಗೆ ಬಂತು. ಶೈಲಾ ಹೊಸ ಸೀರೆ ಉಟ್ಟವಳ ಹಾಗೆ ಹುರುಪಿನಿಂದ ಗ್ರೂಪು ತೆರೆದಳು. ಗ್ರೂಪುಗಳಿಂದ ಅವಳನ್ನೇ ತೆಗೆದುಹಾಕಿದ್ದರು.

ಪಾರ್ಲೆಯ ಕಾಕೂಗೆ ಫೋನು ಮಾಡಿದ ಮೇಲೆ ಸಂಗತಿ ತಿಳಿಯಿತು. ಆ ಕಳ್ಳ ಅದೇ ಫೋಟೋ, ಅದೇ ಹೆಸರು ಹಾಕಿಕೊಂಡು ಇನ್ನೊಂದು ನಂಬರಿನಿಂದ ಎಲ್ಲರಿಗೂ ಬರೆದಿದ್ದ. ನಾನು ಶೈಲಾ, ನನ್ನ ಹಳೆಯ ನಂಬರು ಹ್ಯಾಕ್ ಆಗಿದೆ, ಅಲ್ಲಿಂದ ಏನು ಬಂದರೂ ನಂಬಬೇಡಿ, ಭೋಗಿಯ ದುಡ್ಡು ಇಲ್ಲಿಗೆ ಹಾಕಿ. ಈಗ ಅವನು ಶೈಲಾ, ಶೈಲಾ ಕಳ್ಳಿ!

"ನನ್ನ ಬೈಗುಳ ತಿನ್ನೋ ನಿನ್ನ ದನಿ ನನಗೆ ಗೊತ್ತು, ಅದಕ್ಕೆ ನಂಬಿದೆ," ಎಂದಳು ಕಾಕೂ. "ಎಲ್ಲರಿಗೂ ಗೊತ್ತಿರುತ್ತಾ?"

ಗೊತ್ತಿರಲಿಲ್ಲ. ಶೈಲಾ ಒಬ್ಬೊಬ್ಬರಿಗೇ ಫೋನು ಮಾಡಿದಳು. ಕೆಲವರು ಎತ್ತಲಿಲ್ಲ. ಕೆಲವರು, ನೀವು ಶೈಲಾ ಅಂತ ಹೇಗೆ ನಂಬೋದು ಎಂದರು. ಅದಕ್ಕೆ ಏನು ಉತ್ತರ ಕೊಡಬೇಕು? ಹುಟ್ಟಿದಂದಿನಿಂದ ಶೈಲಾ ಆಗಿದ್ದವಳಿಗೆ ತಾನು ಶೈಲಾ ಎಂದು ತೋರಿಸುವ ದಾರಿ ತಿಳಿಯಲಿಲ್ಲ. ಒಬ್ಬಾಕೆಯಂತೂ, ಇನ್ನೊಂದು ಸಲ ಫೋನು ಮಾಡಿದರೆ ಪೊಲೀಸರಿಗೆ ಕೊಡ್ತೀನಿ ಎಂದು ಫೋನು ಕುಕ್ಕಿದಳು.

ಒಂದು ಮಧ್ಯಾಹ್ನ ಗೋರೆಗಾಂವಿನ ದೊಡ್ಡ ಸೊಸೈಟಿಗೆ ತಾನೇ ಹೋದಳು. ಗೇಟಿನ ವಾಚ್‌ಮನ್ ಮೇಲಿನ ಮನೆಗೆ ಕೇಳಿದ. ಶೈಲಾ ಎಂದು ಯಾರೋ ಬಂದಿದ್ದಾರೆ ಎಂದದ್ದಕ್ಕೆ, ಮೇಲೆ ಬಿಡಬೇಡ ಎಂದು ಉತ್ತರ ಬಂತು. ಅವಳು ಕೈಚೀಲದಲ್ಲಿ ಒಯ್ದಿದ್ದ ರೊಟ್ಟಿಯ ಪೊಟ್ಟಣವನ್ನು ತೋರಿಸಿದಳು. ವಾಚ್‌ಮನ್ ಪಾಪದವನು, ನನಗೆ ತೋರಿಸಿ ಏನು ಮಾಡ್ತೀರಿ ತಾಯಿ ಎಂದ. ರಸ್ತೆಯಲ್ಲಿ ನಿಂತು ಎರಡು ಮಾತು ಗಟ್ಟಿಯಾಗಿ ಆಡಿದವಳಲ್ಲ ಶೈಲಾ. ತಿರುಗಿ ಬಂದಳು. ಮನೆಗೆ ಬಂದು ಕಾಲು ತೊಳೆಯದೆ ಅತ್ತಳು.

"ನಾನೇ ಶೈಲಾ ಅಂದ್ರೂ ನಂಬವಲ್ಲರು ಅತ್ತಿ. ನನ್ನ ಹೆಸರೇ ನನಗ ಉಳಿಲಿಲ್ಲ."

ಲಕ್ಷ್ಮವ್ವ ಸೆರಗಿನಿಂದ ಸೊಸೆಯ ಮುಖ ಒರೆಸಿದಳು. ಬಂಡೆಪ್ಪ ಹೊಸ್ತಿಲ ಹತ್ತಿರ ಕುಳಿತಿದ್ದ. ಈಚೆಗೆ ಅವನು ಮಾತಾಡುವುದನ್ನೇ ಬಿಟ್ಟಿದ್ದ. ಮರುದಿನದಿಂದ ಮುಂಜಾನೆಯ ಚಹಾ ಕುಡಿದು, ಕೋಲು ಹಿಡಿದು ಹೊರಗೆ ಹೋಗತೊಡಗಿದ. ಮಧ್ಯಾಹ್ನ ಊಟದ ಹೊತ್ತಿಗೂ ಬರುತ್ತಿರಲಿಲ್ಲ. ಹನುಮಪ್ಪನ ಗುಡಿ ಕಟ್ಟೆಯಲ್ಲಿ ಮುದುಕರ ಜೊತೆ ಕೂರುತ್ತಾನೆ ಎಂದುಕೊಂಡರು.

"ಸಿಟ್ಟು ಅದ ಮುತ್ಯಾಗ," ಎಂದಳು ಶಿವು.

"ಸಿಟ್ಟ್ ಇಳಿದ್ರ ಬರ್ತಾನ," ಎಂದ ದೇವಾನಂದ. ಆದರೆ ಅಪ್ಪ ಮನೆಗೆ ಬರುವ ತನಕ ಬಾಗಿಲ ಕಡೆ ನೋಡುವುದನ್ನು ಅವನೂ ಬಿಡಲಿಲ್ಲ.

ಭೋಗಿ ಹತ್ತಿರ ಬಂತು. ಬೀಸಿಸಿದ ಸಜ್ಜೆ ಹಿಟ್ಟು ಕಹಿಯಾಗತೊಡಗಿತು. ಜೋಳದ್ದಾದರೆ ತಡೆಯುತ್ತದೆ, ಸಜ್ಜೆ ಹಿಟ್ಟು ಹೆಚ್ಚು ದಿನ ಕಾಯುವ ಜಾತಿಯಲ್ಲ. ಲಕ್ಷ್ಮವ್ವ ದಿನಾ ಒಂದು ಚಿಟಿಕೆ ನಾಲಿಗೆಗೆ ಹಾಕಿ ನೋಡುತ್ತಿದ್ದಳು. ಒಂದು ರಾತ್ರಿ ಊಟದಲ್ಲಿ ಮನೆಯವರಿಗೇ ಆ ಹಿಟ್ಟಿನ ರೊಟ್ಟಿ ಬಡಿಸಿದಳು.

"ಕಹಿ ಅದಲ್ಲಬೇ," ಎಂದ ದೇವಾನಂದ.

"ಮಂದಿಗಿ ಹಾಕಾಕ ಬರಂಗಿಲ್ಲ, ಚೆಲ್ಲಾಕ ಮನಸ್ಸಿಲ್ಲ. ಬೆಲ್ಲ ಹಚ್ಚಿಕೊಂಡ್ ತಿನ್ನು."

ಅದೇ ಊಟದಲ್ಲಿ ಶೈಲಾ, ಕಳ್ಳನಿಗೆ ದುಡ್ಡು ಹಾಕಿದವರ ಮಾತು ತೆಗೆದಳು. ಕೆಲವು ಮನೆಗಳ ಹೆಸರು ಕಾಕೂ ಹೇಳಿದ್ದಳು.

"ಅವರಿಗಿ ಭೋಗಿ ರೊಟ್ಟಿ ನಾವೇ ಕೊಡೂಣ್ರಿ."

ದೇವಾನಂದನ ಕೈ ತಟ್ಟೆಯ ಮೇಲೆಯೇ ನಿಂತಿತು. "ಪುಕಟ?"

"ನನ್ನ ಹೆಸರ್ ನೋಡಿ ಹಾಕ್ಯಾರ."

"ನಿನ್ನ ಹೆಸರಿನ ಮ್ಯಾಲ ಕಳ್ಳ ತಿಂದಾನ. ನಾವೇನ್ ತಿಂದೀವೇನ? ನಮ್ಮ ಹಿಟ್ಟೂ ಹೋತು, ಗಿರಾಕಿನೂ ಹೋತು, ಈಗ ದಂಡನೂ ನಾವೇ ಕಟ್ಟಬೇಕ?"

"ದಂಡ ಅಲ್ರಿ. ನಾಳಿ ಅವರ ಬಾಯಾಗ ಶೈಲಾ ಅಂದ್ರ ಕಳ್ಳಿ ಅಂತ ಉಳದ್ರ?"

"ಮಮ್ಮಿ ಸಹೀ ಬೋಲ್ ರಹೀ ಹೈ ಪಪ್ಪಾ."

"ನೀ ಸುಮ್ಮಿರು. ನೀ ಮಾಡಿದ್ದ ಗ್ರೂಪ್ ಅದು."

ಶಿವು ತಟ್ಟೆ ಬಿಟ್ಟು ಅಟ್ಟ ಹತ್ತಿದಳು. ಲಕ್ಷ್ಮವ್ವ ಮಗನಿಗೆ ಬೆಲ್ಲದ ಡಬ್ಬಿ ಸರಿಸುತ್ತ, "ಅಕಿ ಕೇಳ್ತಾಳ ಅಂದ್ರ ಕೊಡೋದು ಬಿಡೋದು ಅಕಿದು," ಎಂದಳು. "ಗಳಸಿದ ಹೆಸರು ಅಕಿದಲ್ಲಾ? ನಿಂದೇನ್ ಹೋಗ್ತದ."

ಸೊಸೆಯ ಪರವಾಗಿ ಅತ್ತೆ ಮಗನ ಬಾಯಿ ಮುಚ್ಚಿಸಿದ್ದು ಆ ಮನೆಯಲ್ಲಿ ಅದೇ ಮೊದಲು. ದೇವಾನಂದ ಕಹಿ ರೊಟ್ಟಿಯನ್ನು ಬೆಲ್ಲವಿಲ್ಲದೆಯೇ ತಿಂದು ಎದ್ದ. ಬಂಡೆಪ್ಪ ಮಾತ್ರ ಎರಡು ತುತ್ತು ಹೆಚ್ಚು ತಿಂದ. ಅದನ್ನು ಯಾರೂ ಗಮನಿಸಲಿಲ್ಲ.

ಭೋಗಿಗೆ ನಾಲ್ಕೈದು ದಿನ ಉಳಿದಿತ್ತು. ಹನ್ನೊಂದರ ಸುಮಾರಿಗೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಮನೆಯಲ್ಲಿ ಶೈಲಾ, ಲಕ್ಷ್ಮವ್ವ ಇಬ್ಬರೇ. ಪಟಪಟ ಸದ್ದು ನಿಂತಿತು. ಇಬ್ಬರೂ ಹಿಟ್ಟಿನ ಕೈ ಎತ್ತಿಕೊಂಡು ಹಲಗೆಯ ಕಡೆ ಹಾವು ಕಂಡವರ ಹಾಗೆ ನೋಡಿದರು. ಬಡಕೊಂಡು ಬಡಕೊಂಡು ನಿಂತಿತು. ಮತ್ತೆ ಬಡಕೊಂಡಿತು.

ಮೂರನೆಯ ಸಲಕ್ಕೆ ಶೈಲಾ ಕೈ ಒರೆಸಿಕೊಂಡು ಎತ್ತಿದಳು.

"ಬಂಡೆಪ್ಪಾ ಕೇ ಘರ್ ಸೇ?" ಎಂದಿತು ಒಂದು ಗಂಡು ದನಿ. ತಾನು ಘಾಟ್ಕೋಪರಿನ ಒಂದು ಸೊಸೈಟಿಯ ವಾಚ್‌ಮನ್ ಎಂದ. ನಿಮ್ಮ ಮನೆಯ ಹಿರಿಯರು ಇಲ್ಲಿ ಗಟಾರದ ಕಲ್ಲಿನ ಮೇಲೆ ಜಾರಿ ಬಿದ್ದಿದ್ದಾರೆ, ಮಂಡಿಗೆ ಪೆಟ್ಟಾಗಿದೆ, ಎದ್ದು ನಿಲ್ಲಲು ಆಗುತ್ತಿಲ್ಲ ಎಂದ.

ಶೈಲಾ ಬಾಗಿಲ ಕಡೆ ಹೆಜ್ಜೆಯಿಟ್ಟಳು. ಮರುಕ್ಷಣವೇ ಗಂಡ ಹೇಳಿದ ಕಥೆ ನೆನಪಾಯಿತು. ಘಾಟ್ಕೋಪರ್! ಗುಡಿ ಕಟ್ಟೆಯಲ್ಲಿ ಕುಳಿತ ಮಾವ, ಗಾಡಿ ಬದಲಿಸಿ ಮೆಟ್ರೋ ಹತ್ತಿ, ಆ ಮಂಡಿ ಇಟ್ಟುಕೊಂಡು ಅಲ್ಲಿಗೆ ಯಾಕೆ ಹೋಗುತ್ತಾನೆ? ಈಗ ದುಡ್ಡು ಕೇಳುತ್ತಾನೆ ಇವನು. ಆಸ್ಪತ್ರೆಗೆ ಎನ್ನುತ್ತಾನೆ, ಆಟೋಗೆ ಎನ್ನುತ್ತಾನೆ. ಅವಳು ಫೋನು ಕಟ್ ಮಾಡಿಬಿಟ್ಟಳು.

"ಯಾರವ್ವಾ?" ಎಂದಳು ಲಕ್ಷ್ಮವ್ವ.

"ಅವರೇ ಅತ್ತಿ. ಮತ್ತ ಶುರು ಮಾಡ್ಯಾರ."

ಹಾಗೆಂದವಳಿಗೆ ನಿಲ್ಲಲಾಗಲಿಲ್ಲ, ಕೂರಲಾಗಲಿಲ್ಲ. ಗುಡಿಗೆ ಓಡಿ ನೋಡಿ ಬರಲೇ ಎಂದು ಚಪ್ಪಲಿ ಮೆಟ್ಟುವಾಗ ಫೋನು ಮತ್ತೆ ಬಂತು. ಈ ಸಲ ಅವಳು ಎತ್ತಿ, ಕಟ್ ಮಾಡದೆ ಮಾತಾಡಿದಳು.

"ಅವರ ಕೈಗೆ ಕೊಡಿ. ಅವರೇ ಮಾತಾಡಲಿ."

ಸ್ವಲ್ಪ ಹೊತ್ತು ಬರೀ ರಸ್ತೆಯ ಸದ್ದು. ಆಮೇಲೆ ಉಸಿರಿನ ಸದ್ದು. ಕಳೆದ ಮೂರು ವಾರದಿಂದ ಫೋನಿನ ಹತ್ತಿರ ಸುಳಿಯದವನು, ಮನೆಯಲ್ಲಿ ಬಾಯಿ ಬಿಡದವನು ಮಾತಾಡಿದ.

"ಶೈಲಾ, ನಾ ಬಿದ್ದಿದ್ದು ಖರೇ ಅದ. ಆದ್ರ ನೀ ಇದನ್ನ ನಂಬಬ್ಯಾಡ. ಯಾರಿಗೂ ರೊಕ್ಕ ಕಳಸಬ್ಯಾಡ. ನೀನೇ ಬಂದು ಕಣ್ಣಿಲೆ ನೋಡು."

ಆ ದನಿಯನ್ನು ಯಾವ ಕಳ್ಳ ತಂದಾನು? ಶೈಲಾ ಲಕ್ಷ್ಮವ್ವನಿಗೆ ಒಲೆ ಆರಿಸಲು ಹೇಳಿ, ಮೊಣಕೈತನಕ ಹಿಟ್ಟಿದ್ದ ಕೈಯಲ್ಲೇ ಸ್ಟೇಷನ್ನಿಗೆ ಓಡಿದಳು. ಅಂಧೇರಿಯಲ್ಲಿ ಇಳಿದು ಮೆಟ್ರೋ ಹತ್ತಿದಾಗ ಪಕ್ಕದ ಹೆಂಗಸು ಅವಳ ಕೈ ನೋಡಿ ಸರಿದು ಜಾಗ ಕೊಟ್ಟಳು. ದಾರಿಯುದ್ದಕ್ಕೂ ಕುಲದೇವರನ್ನು ಬೇಡಿಕೊಂಡಳು. ಮಾವನ ಮುಖ ನೋಡುವ ಧೈರ್ಯ ಕೊಡು ಎಂದೂ ಬೇಡಿಕೊಂಡಳು.

ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ನಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಂಡೆಪ್ಪ ಕುಳಿತಿದ್ದ. ಮಂಡಿಗೆ ಯಾರದೋ ಟವೆಲು ಕಟ್ಟಿದ್ದರು. ಧೋತರಕ್ಕೆ ಗಟಾರದ ಕೆಸರು ಮೆತ್ತಿತ್ತು.

"ನಿಮ್ಮ ಮಾವನವರೇ?" ಎಂದ ವಾಚ್‌ಮನ್ ಹಿಂದಿಯಲ್ಲಿ. "ಒಳಗೆ ಬಿಡಲ್ಲ ಅಂದೆ. ಸರಿ ಅಂತ ರಸ್ತೆ ಮೇಲೆ ನಿಂತು ಕೂಗೋಕೆ ಶುರು ಮಾಡಿದರು. ಏನು ಗಂಟಲು ತಾಯಿ ಅದು! ಹನ್ನೆರಡನೇ ಮಾಳಿಗೆಯವರು ಇಣುಕಿ ನೋಡಿದರು."

"ಏನಂತ ಕೂಗಿದರು?"

"ಶೈಲಾ ರೊಟ್ಟಿಯ ಹೊಸ ನಂಬರು ಸುಳ್ಳು, ದುಡ್ಡು ಹಾಕಬೇಡಿ, ಹಳೆ ನಂಬರೇ ಸರಿ ಅಂತ. ಮತ್ತೆ, ನನ್ನ ಸೊಸೆ ಕಳ್ಳಿ ಅಲ್ಲ ಅಂತ."

ಶೈಲಾ ಮಾವನ ಮುಂದೆ ನೆಲದ ಮೇಲೆ ಕುಳಿತಳು. ಗುಡಿ ಕಟ್ಟೆಯಲ್ಲ, ಇಷ್ಟು ದಿನ ಅವನು ಊರು ಸುತ್ತಿದ್ದ. ವರ್ಷಗಟ್ಟಲೆ ಗಟ್ಟಿಯಾಗಿ ಓದಿದ ವಿಂಗು, ಬಿಲ್ಡಿಂಗಿನ ಹೆಸರುಗಳನ್ನು ಬಾಯಿಪಾಠವಾಗಿಟ್ಟುಕೊಂಡು, ಕೇಳುತ್ತ ಕೇಳುತ್ತ ಗೋರೆಗಾಂವ್ ಮುಗಿಸಿದ್ದ, ಪಾರ್ಲೆ ಮುಗಿಸಿದ್ದ. ಮನೆಯಲ್ಲಿ ಬಾಯಿ ಕಟ್ಟಿಕೊಂಡಿದ್ದವನು ಬೀದಿಬೀದಿಯಲ್ಲಿ ಅವಳ ಹೆಸರು ಕೂಗಿದ್ದ.

"ಮಾಮಾ," ಎಂದಳು. "ತಪ್ಪು ನಂದು. ಓದ್ರಿ ಅಂದಕಿ ನಾನು. ಆವತ್ತು ಅವರು ನಿಮಗ ಬೈಯುವಾಗ ನಾ ಬಾಯಿ ಮುಚ್ಚಿಕೊಂಡ್ ಕುಂತೆ."

ಬಂಡೆಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. ಕೈ ಭಾರವಾಗಿತ್ತು, ಬೆಚ್ಚಗಿತ್ತು.

"ಅದೆಲ್ಲ ಮನಿಗಿ ಹೋದ ಮ್ಯಾಲ. ಇನ್ನ ಎರಡು ಬಿಲ್ಡಿಂಗ್ ಉಳದಾವ ಶೈಲಾ. ಅಕೋ, ಆ ಹಳದಿ ಬಣ್ಣದ್ದು ಒಂದು. ಅದರ ಹಿಂದಿಂದು ಒಂದು."

"ಇರಲಿ ಬಿಡ್ರಿ. ಮೊದಲ್ ದವಾಖಾನಿಗಿ ನಡ್ರಿ."

"ಮಂಡಿ ಎಲ್ಲಿಗೂ ಓಡಿ ಹೋಗಂಗಿಲ್ಲ. ಹಬ್ಬ ಹೋಗ್ತದ."

ಅವನು ಏಳಲು ನೋಡಿದ. ಆಗಲಿಲ್ಲ. ಮುಖ ಹಿಂಡಿಕೊಂಡು ಮತ್ತೆ ಕುಳಿತ. ಕುರ್ಚಿಯ ಕೈ ಹಿಡಿದ ಬೆರಳುಗಳು ಬಿಳುಪೇರಿದ್ದವು. ಶೈಲಾ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ಹಳದಿ ಕಟ್ಟಡವನ್ನು ನೋಡಿದಳು. ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆ ದಾಟಿದಳು.

ಕಟ್ಟಡದ ಕೆಳಗೆ ನಿಂತು ಮುಖ ಮೇಲೆತ್ತಿದಳು. ಸಾಲು ಸಾಲು ಕಿಟಕಿಗಳು, ಎಲ್ಲ ಮುಚ್ಚಿದ್ದವು. ಹೋಗುವವರು ಬರುವವರು ನೋಡುತ್ತಿದ್ದರು. ಬಾಯಿ ತೆರೆದಳು. ಮೊದಲ ಸಲ ಬಂದದ್ದು ಮನೆಯಲ್ಲಿ ಪಿಸುಗುಟ್ಟುವ ದನಿಯೇ.

"ಅಷ್ಟಕ್ಕ ಕೆಳಗಿನ ಮನಿಯವರಿಗೂ ಕೇಳಸಂಗಿಲ್ಲ!" ಎಂದು ಬಂಡೆಪ್ಪ ಆ ಬದಿಯಿಂದ ಕೂಗಿದ.

ಶೈಲಾ ಉಸಿರು ಎಳೆದುಕೊಂಡಳು. "ನಯಾ ನಂಬರ್ ಝೂಟಾ ಹೈ! ಪೈಸಾ ಮತ್ ಭೇಜೋ! ಜಿನಕಾ ಪೈಸಾ ಗಯಾ, ಉನಕೋ ಭೀ ರೋಟಿ ಮಿಲೇಗಾ!"

ದುಡ್ಡು ಹೋದವರಿಗೂ ರೊಟ್ಟಿ ಸಿಗುತ್ತದೆ ಎಂದು ಕೂಗಿದ ಮೇಲೆ ಅದು ತನ್ನದೇ ದನಿಯೇ ಎಂದು ಅವಳಿಗೇ ಬೆರಗಾಯಿತು. ಐದನೆಯ ಮಾಳಿಗೆಯಲ್ಲಿ ಒಂದು ಕಿಟಕಿ ತೆರೆಯಿತು. ಕನ್ನಡಕದ ಹೆಂಗಸೊಬ್ಬಳು ಹೊರಗೆ ಬಾಗಿದಳು.

"ಕೌನ್ ಹೋ ತುಮ್?"

"ಶೈಲಾ!" ಎಂದು ಅವಳು ಎರಡೂ ಕೈ ಬಾಯಿಗೆ ಕಟ್ಟಿ ಕೂಗಿದಳು. "ಮೈ ಶೈಲಾ ಹೂಂ! ರೋಟಿವಾಲಿ ಶೈಲಾ!"

ಆ ಹೆಂಗಸು ಬಹಳ ಹೊತ್ತು ಕೆಳಗೆ ನೋಡಿದಳು. ಕೆದರಿದ ಕೂದಲು, ಮೊಣಕೈತನಕ ಒಣಗಿದ ಹಿಟ್ಟು, ರಸ್ತೆಯ ಬದಿಗೆ ನಿಂತು ತನ್ನ ಹೆಸರನ್ನು ತಾನೇ ಕೂಗುತ್ತಿರುವವಳು.

"ಅಲ್ಲೇ ಇರು," ಎಂದಳು. "ಕೆಳಗೆ ಬರ್ತೀನಿ. ನಿನ್ನ ಮುಖ ನೋಡಬೇಕು."